ನೂರರ ಪಕ್ಕ ಒಂದೋ, ನಾಲ್ಕೋ?

ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಂಡಿದೆ. ಸ್ಕ್ಯಾನರ್ ಸಿಕ್ಕಿಸಿದರೆ ಪರದೆಯ ಮೇಲೆ ಎರಡು ಸಂಖ್ಯೆ: 100, ಪಕ್ಕದಲ್ಲಿ 1. ಅದೇ ಮಾದರಿಯ ಇನ್ನೊಂದು ಲಾರಿಯಲ್ಲೂ ದೀಪ ಹೊತ್ತಿದೆ. ಅಲ್ಲಿಯೂ 100, ಪಕ್ಕದಲ್ಲಿ ಮಾತ್ರ 4. ಮೊದಲನೆಯ ಲಾರಿಯನ್ನು ಇನ್ನೊಂದಿಷ್ಟು ದೂರ ಓಡಿಸಿದರೆ ಬೇರಿಂಗು ಹಿಡಿದು, ಲಕ್ಷಾಂತರ ರೂಪಾಯಿಯ ಎಂಜಿನ್ ಗುಜರಿ ಸೇರಬಹುದು. ಎರಡನೆಯದಕ್ಕೆ ಬೇಕಿರುವುದು ಬಹುಶಃ ಒಂದು ಗೇಣು ವೈರು, ನಾಲ್ಕು ಸುತ್ತು ಇನ್ಸುಲೇಷನ್ ಟೇಪು! ಒಂದಕ್ಕೂ ನಾಲ್ಕಕ್ಕೂ ನಡುವೆ ಇಷ್ಟು ಅಂತರ ಇದೆಯೆಂದು ಗೊತ್ತಾದ ಮೇಲೆ ಹೆದ್ದಾರಿಯಲ್ಲಿ ಮುಂದೆ ಲಾರಿ ಸಿಕ್ಕರೆ ಅದರ ಬೆನ್ನಿನ ಬರಹ ಓದುವುದನ್ನು ಬಿಟ್ಟು, ಅದರ ಹೊಟ್ಟೆಯೊಳಗೆ ನಡೆಯುತ್ತಿರುವ ಮಾತುಕತೆಯನ್ನೇ ನೆನೆಯುತ್ತೇನೆ.

ಹೌದು, ಮಾತುಕತೆಯೇ. ಇಂದಿನ ಭಾರಿ ಡೀಸೆಲ್ ಲಾರಿ ಕೀ ಆನ್ ಆದ ಕ್ಷಣದಿಂದ ಆಫ್ ಆಗುವವರೆಗೆ ಬಾಯಿ ಮುಚ್ಚುವುದಿಲ್ಲ!

ಮೊದಲು ಆ ಎರಡು ಸಂಖ್ಯೆಗಳನ್ನು ಬಿಡಿಸೋಣ. ಭಾರಿ ವಾಹನಗಳ ಲೋಕದಲ್ಲಿ ಜೆ1939 ಎಂಬ ನಿಯಮಾವಳಿ ಇದೆ. ಅದನ್ನು ಒಪ್ಪಿಕೊಂಡ ಗಾಡಿ ಯಾವ ದೇಶದಲ್ಲಿ ತಯಾರಾಗಿರಲಿ, ಯಾವ ಕಂಪನಿಯ ಎಂಜಿನ್ ಹೊತ್ತಿರಲಿ, 100 ಎಂದರೆ ಆಯಿಲ್ ಪ್ರೆಶರ್. 110 ಎಂದರೆ ಕೂಲೆಂಟಿನ ಬಿಸಿ. 190 ಎಂಜಿನ್ನಿನ ವೇಗ, 91 ಆಕ್ಸಿಲರೇಟರ್ ಪೆಡಲ್, 102 ಟರ್ಬೊ ತುಂಬಿದ ಗಾಳಿಯ ಒತ್ತಡ, 157 ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೇಲ್ ಕೊಳವೆಯೊಳಗಿನ ಒತ್ತಡ. 651ರಿಂದ 656ರವರೆಗಿನ ಆರು ಸಂಖ್ಯೆಗಳು ಆರು ಸಿಲಿಂಡರುಗಳ ಆರು ಇಂಜೆಕ್ಟರುಗಳಿಗೆ ಮೀಸಲು. ಇದಕ್ಕೆ ಎಸ್‌ಪಿಎನ್ ಎನ್ನುತ್ತಾರೆ. ಅನುಮಾನ ಯಾರ ಮೇಲೆ ಎಂದು ಹೇಳುವ ಸಂಖ್ಯೆ. ಪಕ್ಕದಲ್ಲಿ ಬರುವುದು ಎಫ್‌ಎಂಐ, 0ಯಿಂದ 31ರವರೆಗೆ. ಏನೆಂದು ಅನುಮಾನ ಎಂದು ಹೇಳುವ ಸಂಖ್ಯೆ. 1 ಬಂದರೆ ಸೆನ್ಸರ್ ಹೇಳುತ್ತಿರುವುದು ನಂಬತಕ್ಕ ಮಾತು, ಒತ್ತಡ ನಿಜಕ್ಕೂ ಅಪಾಯದ ಗೆರೆಗಿಂತ ಕೆಳಗೆ ಇಳಿದಿದೆ. 4 ಬಂದರೆ ಸೆನ್ಸರಿನಿಂದ ಬರಬೇಕಾದಷ್ಟು ವೋಲ್ಟೇಜೇ ಬರುತ್ತಿಲ್ಲ. ಆಯಿಲ್ ಪ್ರೆಶರ್ ಎಷ್ಟಿದೆಯೋ ಕಂಪ್ಯೂಟರಿಗೆ ಕಾಣುತ್ತಲೇ ಇಲ್ಲ. 3 ಬಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು. 5 ಬಂದರೆ ಕರೆಂಟು ಹರಿಯುತ್ತಿಲ್ಲ, ಎಲ್ಲೋ ತುಂಡಾಗಿದೆ. 2 ಬಂದರೆ ಮೆಕ್ಯಾನಿಕ್ಕುಗಳು ಹಣೆ ಚಚ್ಚಿಕೊಳ್ಳುತ್ತಾರೆ: ಬರುತ್ತದೆ, ಹೋಗುತ್ತದೆ, ಹಿಡಿಯಲು ಹೋದರೆ ಸಿಕ್ಕುವುದಿಲ್ಲ.

ಹುಬ್ಬಳ್ಳಿ ಬೈಪಾಸ್ ಬದಿಯ ಗ್ಯಾರೇಜೊಂದರ ಮಿಸ್ತ್ರಿ ಇದನ್ನು ನನಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅಂಗೈಗೆ ಗ್ರೀಸು, ಕಿವಿಗೆ ಪೆನ್ಸಿಲ್ಲು, ಕುತ್ತಿಗೆಗೆ ಮಲ್ಟಿಮೀಟರಿನ ವೈರು. "ಕೋಡ್ ಬಂತಂದ್ರ ಆ ಸಾಮಾನ ಹೋಗೇತಿ ಅಂತಲ್ರೀ ಸರ. ಗಾಡಿ ತನಗ ಕಂಡದ್ದ ಹೇಳತೈತಿ. ಯಾಕ ಹಂಗಾತು ಅನ್ನೂದ ನಾವ ಹುಡಕಬೇಕು." ನಾನು ಈ ವಿಷಯದಲ್ಲಿ ಆಮೇಲೆ ಓದಿದ್ದೆಲ್ಲ ಈ ಮಾತಿನ ವಿವರಣೆ ಅಷ್ಟೆ.

ಕಂಡದ್ದನ್ನು ಗಾಡಿ ಹೇಳುವ ರೀತಿಯಾದರೂ ಎಂಥದು! ಎಸ್‌ಪಿಎನ್‌ಗೆ 19 ಬಿಟ್, ಎಫ್‌ಎಂಐಗೆ 5, ಈ ದೋಷ ಎಷ್ಟು ಸಲ ಬಂದು ಹೋಗಿದೆ ಎಂಬ ಲೆಕ್ಕಕ್ಕೆ 7, ಓದುವ ಕ್ರಮ ತಿಳಿಸಲು 1. ಕೂಡಿಸಿ ನೋಡಿ: 32 ಬಿಟ್, ಅಂದರೆ ನಾಲ್ಕೇ ನಾಲ್ಕು ಬೈಟ್. 19 ಬಿಟ್ಟಿನಲ್ಲಿ 5,24,288 ಬೇರೆ ಬೇರೆ ಸಂಖ್ಯೆ ಹಿಡಿಸುತ್ತವೆ; ಒಂದೊಂದಕ್ಕೂ 32 ಬಗೆಯ ಕೆಡುಕು. ಒಂದು ಲಾರಿಗೆ ಬರಬಹುದಾದ ಅಷ್ಟೂ ಕಾಯಿಲೆ ಈ ನಾಲ್ಕು ಬೈಟಿನೊಳಗೆ ಮಡಚಿ ಕೂತಿವೆ. ಯಾವ ದೀಪ ಹೊತ್ತಿಸಬೇಕೆಂಬ ಸೂಚನೆಯೂ ಅದರ ಜೊತೆಗೇ ಬರುತ್ತದೆ: ನಿಲ್ಲಿಸು ಎನ್ನುವ ಕೆಂಪೋ, ಹುಷಾರು ಎನ್ನುವ ಹಳದಿಯೋ. ದೋಷ ಇರುವಷ್ಟು ಹೊತ್ತೂ ಎಂಜಿನ್ನಿನ ಕಂಪ್ಯೂಟರ್ ಇದನ್ನು ಸೆಕೆಂಡಿಗೊಮ್ಮೆ ಸಾರುತ್ತಲೇ ಇರುತ್ತದೆ. ಕೇಳುವವರಿರಲಿ, ಇಲ್ಲದಿರಲಿ.

ಸಾರುವುದು ಎರಡೇ ಎರಡು ವೈರುಗಳ ಮೇಲೆ. ಬಹುತೇಕ ಹಳದಿ ಒಂದು, ಹಸಿರು ಒಂದು, ಒಂದರ ಮೇಲೊಂದು ಹೊಸೆದುಕೊಂಡಿವೆ. ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಡ್ಯಾಶ್‌ಬೋರ್ಡ್ ಎಲ್ಲವೂ ಆ ಎರಡು ವೈರಿಗೇ ಜೋತುಬಿದ್ದಿವೆ. ಸೆಕೆಂಡಿಗೆ 2,50,000 ಬಿಟ್ ಹರಿಯುತ್ತವೆ. ಹೊಸ ಗಾಡಿಗಳಲ್ಲಿ ಅದರ ಎರಡರಷ್ಟು. ಸುಮ್ಮನಿರುವಾಗ ಎರಡೂ ವೈರುಗಳಲ್ಲಿ ಸುಮಾರು 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವ ಯಂತ್ರಗಳು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೀಗಾಗಿ ಆಲ್ಟರ್ನೇಟರಿನ ಗದ್ದಲ, ಸ್ಟಾರ್ಟರಿನ ಆರ್ಭಟ ಎರಡೂ ವೈರನ್ನು ಸಮನಾಗಿ ತಾಕಿ, ಕಳೆಯುವ ಲೆಕ್ಕದಲ್ಲಿ ಸೊನ್ನೆಯಾಗಿ ಹೋಗುತ್ತವೆ. ಹೊಸೆದಿರುವುದು ಅದಕ್ಕೇ.

ಇಬ್ಬರು ಒಟ್ಟಿಗೇ ಬಾಯಿ ತೆರೆದರೆ? ನಾನಂತೂ ಇಲ್ಲಿ ಬೆರಗಾಗಿ ಕೂತೆ. ಪ್ರತಿ ಸಂದೇಶದ ಮೊದಲಿಗೆ 29 ಬಿಟ್ಟಿನ ಗುರುತು ಇರುತ್ತದೆ. ಈ ವೈರಿನ ಮೇಲೆ ಸೊನ್ನೆ ಬಲಶಾಲಿ, ಒಂದು ದುರ್ಬಲ. ಇಬ್ಬರು ಏಕಕಾಲಕ್ಕೆ ಒಬ್ಬ ಸೊನ್ನೆ, ಇನ್ನೊಬ್ಬ ಒಂದು ಎಂದರೆ ವೈರಿನಲ್ಲಿ ಉಳಿಯುವುದು ಸೊನ್ನೆಯೇ. 'ಒಂದು' ಎಂದವನು ತನ್ನ ಮಾತು ವೈರಿನಲ್ಲಿ ಕೇಳಿಸದ್ದನ್ನು ಆ ಗಳಿಗೆಯಲ್ಲೇ ಗಮನಿಸಿ ಸುಮ್ಮನಾಗುತ್ತಾನೆ, ಸರದಿಗಾಗಿ ಕಾಯುತ್ತಾನೆ. ಗೆದ್ದವನ ಸಂದೇಶದಲ್ಲಿ ಒಂದೇ ಒಂದು ಬಿಟ್ಟೂ ಕೆಡುವುದಿಲ್ಲ, ಒಂದು ಕ್ಷಣವೂ ಪೋಲಾಗುವುದಿಲ್ಲ! ಗುರುತಿನ ಸಂಖ್ಯೆ ಚಿಕ್ಕದಾದಷ್ಟೂ ಮರ್ಯಾದೆ ಹೆಚ್ಚು. ಗೇರ್ ಬೀಳುವ ಹೊತ್ತಿಗೆ 'ಬಲ ಸ್ವಲ್ಪ ತಗ್ಗಿಸು' ಎಂದು ಗೇರ್‌ಬಾಕ್ಸ್ ಎಂಜಿನ್ನಿಗೆ ಹೇಳುವ ಮಾತು, ದೋಷದ ವರದಿಗಿಂತ ಮೊದಲು ದಾಟಿಕೊಳ್ಳುತ್ತದೆ. ದೂರು ಕಾಯಬಹುದು, ಕೆಲಸ ಕಾಯಬಾರದು.

ಅಂಕಿಗಳ ಜಾಣತನ ನೋಡಿ. ಕೂಲೆಂಟು 85 ಡಿಗ್ರಿ ಇದ್ದರೆ ವೈರಿನ ಮೇಲೆ ಹೋಗುವುದು 125. ಓದುವವನು 40 ಕಳೆಯಬೇಕು. ಹೀಗೆ ಮಾಡಿದ್ದರಿಂದ ಮೈನಸ್ ಚಿಹ್ನೆಯ ಗೋಜಿಲ್ಲದೆ, ಒಂದೇ ಬೈಟಿನಲ್ಲಿ ಮೈನಸ್ 40 ಡಿಗ್ರಿಯ ಹಿಮದಿಂದ ಹಿಡಿದು 210 ಡಿಗ್ರಿಯವರೆಗೆ ಹೇಳಬಹುದು. ಎಂಜಿನ್ನಿನ ವೇಗವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಸಣ್ಣಗೆ ಅಳೆದು ಕಳಿಸುತ್ತದೆ. 1500 ಆರ್‌ಪಿಎಂ ಎನ್ನಲು 12000. ಇನ್ನು ಬೈಟಿನ ಕೊನೆಯ ಎರಡು ಸಂಖ್ಯೆ, 254 ಮತ್ತು 255, ಅಳತೆಗೆ ಸೇರಿದವೇ ಅಲ್ಲ. 254 ಎಂದರೆ 'ನನ್ನ ಸೆನ್ಸರ್ ಕೆಟ್ಟಿದೆ'. 255 ಎಂದರೆ 'ಆ ಮಾಹಿತಿ ನನ್ನ ಹತ್ತಿರ ಇಲ್ಲ'. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಲಾರಿಯ ಕಂಪ್ಯೂಟರಿಗೆ ಒಂದು ಸಂಖ್ಯೆಯನ್ನೇ ಎತ್ತಿಟ್ಟಿದ್ದಾರೆ! ನಮ್ಮ ಎಷ್ಟೋ ಕಚೇರಿಗಳಿಗೆ ಈ ಸೌಕರ್ಯ ಇನ್ನೂ ಬಂದಿಲ್ಲ.

ಈ ಎರಡು ವೈರಿನ ಸಂಭಾಷಣೆಯ ಹೆಸರು ಕ್ಯಾನ್. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಶುರುಮಾಡಿ 1986ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಲೋಕದ ಮುಂದಿಟ್ಟಿತು. ಬಾಷ್ ಎಂದ ಕೂಡಲೇ ಬೆಂಗಳೂರಿಗರಿಗೆ ಆಡುಗೋಡಿ ನೆನಪಾಗಬೇಕು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಬಾಷ್‌ನ ಕೂಸೇ. 2008ರಲ್ಲಿ ಹೆಸರನ್ನೂ ಬಾಷ್ ಎಂದೇ ಬದಲಿಸಿಕೊಂಡಿತು. ಈ ನಾಡಿನ ತಲೆಮಾರುಗಟ್ಟಲೆ ಮೆಕ್ಯಾನಿಕ್ಕುಗಳು ಕಲಿತದ್ದು ಮೈಕೋ ಪಂಪು ಬಿಚ್ಚಿ, ಮೈಕೋ ನಾಜಲ್ ತೊಳೆದು. ಅವರ ಕೈಗೆ ಗೌರ್ನರಿನ ಸ್ಪ್ರಿಂಗು ಗೊತ್ತಿತ್ತು, ಕಿವಿಗೆ ಎಂಜಿನ್ನಿನ ತಾಳ ಗೊತ್ತಿತ್ತು. ಆ ಪಂಪಿನ ಕೆಲಸವನ್ನು ಕಿತ್ತುಕೊಂಡ ಕಂಪ್ಯೂಟರು ಮಾತಾಡುವ ಭಾಷೆಯೂ ಅದೇ ಮನೆತನದ್ದು ಎಂದು ತಿಳಿದಾಗ ನನಗಾದ ಖುಷಿಯನ್ನು ಯಾರಿಗೆ ಹೇಳಲಿ!

ಹಳೆಯ ಮೇಸ್ತ್ರಿಗಳ ಒಂದು ಪರೀಕ್ಷೆ ಇತ್ತು. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಒಂದೊಂದೇ ನಾಜಲ್ ಪೈಪಿನ ನಟ್ಟು ಸಡಿಲಿಸುವುದು. ಸಡಿಲಿಸಿದಾಗ ಸದ್ದು ಬದಲಾದರೆ ಆ ಸಿಲಿಂಡರ್ ಬದುಕಿದೆ. ಬದಲಾಗದಿದ್ದರೆ ಸತ್ತಿರುವುದು ಅದೇ. ಅದ್ಭುತವಾದ ತರ್ಕ. ಆದರೆ ಕಾಮನ್ ರೇಲ್ ಎಂಜಿನ್ನಿನ ಮೇಲೆ ಇದನ್ನು ಮಾಡುವಂತಿಲ್ಲ, ಯಾವ ಕಾರಣಕ್ಕೂ ಮಾಡುವಂತಿಲ್ಲ. ಲಾರಿ ಟೈರಿನ ಗಾಳಿಯ ಒತ್ತಡ ಸುಮಾರು 8 ಬಾರ್. ರೇಲಿನೊಳಗಿನ ಡೀಸೆಲ್ ಒತ್ತಡ 1600 ಬಾರ್‌ಗೂ ಮೇಲೆ ಹೋಗುತ್ತದೆ. ಕೂದಲಿನಷ್ಟು ಸಣ್ಣ ಸೋರಿಕೆಯೂ ಚರ್ಮ ಸೀಳಿ ಮಾಂಸದೊಳಗೆ ಡೀಸೆಲ್ ನುಗ್ಗಿಸುತ್ತದೆ.

ಹಾಗಾದರೆ ಸತ್ತ ಸಿಲಿಂಡರನ್ನು ಹಿಡಿಯುವುದು ಹೇಗೆ? ಕ್ರ್ಯಾಂಕಿಗೆ ಜೋಡಿಸಿದ ಹಲ್ಲಿನ ಚಕ್ರವೊಂದಿದೆ. ಬಾಷ್ ಪದ್ಧತಿಯಲ್ಲಿ ಸಾಮಾನ್ಯವಾಗಿ 60 ಹಲ್ಲಿನ ಜಾಗ, ಅದರಲ್ಲಿ ಎರಡು ಬೇಕೆಂದೇ ಬಿಟ್ಟದ್ದು. ಚಕ್ರ ಎಲ್ಲಿದೆಯೆಂದು ಆ ಬೊಚ್ಚು ಜಾಗ ಹೇಳುತ್ತದೆ. ಒಂದೊಂದು ಹಲ್ಲಿಗೆ 6 ಡಿಗ್ರಿ. ಆರು ಸಿಲಿಂಡರಿನ ಎಂಜಿನ್ 600 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿರುವಾಗ ಸೆಕೆಂಡಿಗೆ 30 ಸಲ ಡೀಸೆಲ್ ಸಿಡಿಯುತ್ತದೆ. ಒಂದೊಂದು ಸಿಡಿತಕ್ಕೂ ಕ್ರ್ಯಾಂಕು ಚೂರೇ ಚೂರು ಜಿಗಿದು, ಮುಂದಿನ ಸಿಡಿತದವರೆಗೆ ಚೂರು ತಗ್ಗುತ್ತದೆ. ನಮ್ಮ ಕಿವಿಗೆ ಒಂದೇ ಸಮ ಗುರ್‌ಗುಟ್ಟುವ ಆ ಸದ್ದಿನೊಳಗೆ ಕಂಪ್ಯೂಟರು ಯಾವ ಹಲ್ಲು ಎಷ್ಟು ಬೇಗ ಹಾದುಹೋಯಿತೆಂದು ಎಣಿಸುತ್ತ, 'ನಾಲ್ಕನೆಯದು ಉಳಿದವರಷ್ಟು ತಳ್ಳುತ್ತಿಲ್ಲ' ಎಂದು ಕಂಡುಹಿಡಿಯುತ್ತದೆ! ಸ್ಕ್ಯಾನರಿನಲ್ಲಿ ಒಂದು ಗುಂಡಿ ಒತ್ತಿದರೆ ಒಂದೊಂದೇ ಇಂಜೆಕ್ಟರನ್ನು ತಾನೇ ಆಫ್ ಮಾಡಿ ತೋರಿಸುತ್ತದೆ. ನಟ್ಟು ಸಡಿಲಿಸುವ ಮೇಸ್ತ್ರಿಯ ತರ್ಕವೇ. ಸ್ಪ್ಯಾನರ್ ಮಾತ್ರ ಇಲ್ಲ.

ಇನ್ನು ಗ್ಯಾರೇಜಿನಲ್ಲಿ ಕಣ್ಣಾರೆ ಕಂಡದ್ದಕ್ಕೆ ಬರುತ್ತೇನೆ. ಕೂಲೆಂಟಿನ ಬಿಸಿ ನೋಡುವ ಸೆನ್ಸರ್ ಬೆರಳುದ್ದದ ಹಿತ್ತಾಳೆಯ ತುಂಡು, ಎರಡೇ ವೈರು. ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಸಿಕೊಳ್ಳುವ ಒಂದು ಹರಳು. ಕಂಪ್ಯೂಟರು 5 ವೋಲ್ಟನ್ನು ಒಂದು ರೆಸಿಸ್ಟರಿನ ಮೂಲಕ ಕಳಿಸಿ ಎಷ್ಟು ಉಳಿಯಿತೆಂದು ನೋಡುತ್ತದೆ. ತಣ್ಣಗಿದ್ದರೆ ಹೆಚ್ಚು ಉಳಿಯುತ್ತದೆ, ಬಿಸಿಯಾದರೆ ಕಡಿಮೆ. ಗಾಡಿಯಲ್ಲಿ ಬಂದಿದ್ದ ಕೋಡು 110, ಪಕ್ಕದಲ್ಲಿ 4: ವೋಲ್ಟೇಜ್ ಕಡಿಮೆ. ಚಾಲಕ ಆಗಲೇ ಅಂಗಡಿಗೆ ಫೋನ್ ಮಾಡಿ ಹೊಸ ಸೆನ್ಸರಿನ ರೇಟು ಕೇಳುತ್ತಿದ್ದ.

ಮಿಸ್ತ್ರಿ ಕೀ ಆನ್ ಮಾಡಿಸಿ, ಎಂಜಿನ್ ಸ್ಟಾರ್ಟ್ ಮಾಡಿಸದೆ, ಸೆನ್ಸರಿಗೆ ವೈರು ಸಿಕ್ಕಿಸುವ ಪ್ಲಗ್ಗು, ಅಂದರೆ ಕಪ್ಲರ್ ಎಳೆದರು. ಅಷ್ಟೆ. "ಲೇ ತಮ್ಮಾ, ಈಗ ನೋಡು ಏನ್ ತೋರಸ್ತೈತಿ?" ಕ್ಯಾಬಿನ್ನಿನಲ್ಲಿ ಸ್ಕ್ಯಾನರ್ ಹಿಡಿದು ಕೂತಿದ್ದ ಹುಡುಗ ಕೂಗಿದ: "ನೂರಾ ಹತ್ತು ನಾಕ ಐತ್ರೀ, ಬದಲಾಗಿಲ್ರೀ!"

ಇದರ ಅರ್ಥ ತಿಳಿದಾಗ ಮೈ ಜುಮ್ಮೆಂದಿತು. ಕಪ್ಲರ್ ತೆಗೆದ ಮೇಲೆ ಸೆನ್ಸರ್ ಸರ್ಕ್ಯೂಟಿನಲ್ಲೇ ಇಲ್ಲ. ಕಳಿಸಿದ 5 ವೋಲ್ಟಿಗೆ ಹೋಗಲು ದಾರಿಯಿಲ್ಲ. ಪೂರ್ತಿ 5 ವೋಲ್ಟ್ ಅಲ್ಲೇ ನಿಂತು, ಕೋಡು 4ರಿಂದ 3ಕ್ಕೆ ಹಾರಬೇಕಿತ್ತು. ಹಾರಿದ್ದರೆ ವೈರೂ ಸರಿ, ಕಂಪ್ಯೂಟರೂ ಸರಿ, ಸೆನ್ಸರೇ ಒಳಗೆ ಶಾರ್ಟ್ ಆಗಿದೆ ಎಂದು ತೀರ್ಪು. ಹಾರಲಿಲ್ಲ ಎಂದರೆ ಸೆನ್ಸರ್ ನಿರಪರಾಧಿ. ದಾರಿಯಲ್ಲೆಲ್ಲೋ ವೈರು ಅರ್ತ್ ಆಗಿದೆ. ಹಾರ್ನೆಸ್ಸಿನ ಗುಂಟ ಬೆರಳಾಡಿಸುತ್ತ ಹೋದ ಮಿಸ್ತ್ರಿ, ಬ್ಲಾಕಿಗೆ ಬಿಗಿದ ಕ್ಲ್ಯಾಂಪೊಂದರ ಹತ್ತಿರ ನಿಂತರು. ಕ್ಲ್ಯಾಂಪಿನ ರಬ್ಬರು ಕಿತ್ತುಹೋಗಿತ್ತು. ಎಂಜಿನ್ನಿನ ಅದುರಾಟಕ್ಕೆ ಕಬ್ಬಿಣದ ಅಂಚು ವೈರಿನ ಮೇಲ್ಪದರವನ್ನು ತೇಯ್ದು ತೇಯ್ದು, ಒಳಗಿನ ತಾಮ್ರ ಹೊಳೆಯುತ್ತಿತ್ತು, ಅಕ್ಕಿಕಾಳಿನಷ್ಟು.

ಉಲ್ಟಾ ಪರೀಕ್ಷೆಯೂ ಇದೆ. ಕೋಡು 110ಕ್ಕೆ 3 ಎಂದಿದ್ದರೆ ಕಪ್ಲರ್ ತೆಗೆದು, ಅದರ ಎರಡು ಪಿನ್ನುಗಳ ನಡುವೆ ಒಂದು ಚೂರು ವೈರು ಹಾಕುವುದು. ಕಂಪ್ಯೂಟರಿಗೆ ವೋಲ್ಟೇಜ್ ಸೊನ್ನೆ ಕಾಣಬೇಕು, ಕೋಡು 4 ಆಗಬೇಕು. ಆಯಿತೆಂದರೆ ಸೆನ್ಸರ್ ತೆರೆದುಕೊಂಡಿದೆ, ಬದಲಿಸಿ. ಆಗದಿದ್ದರೆ ವೈರು ತುಂಡಾಗಿದೆ, ಹುಡುಕಿ. ಒಂದು ಚೂರು ವೈರು, ಎರಡು ನಿಮಿಷ, ಒಂದು ಪ್ರಶ್ನೆ, ತಪ್ಪಿಲ್ಲದ ಉತ್ತರ! ಒಂದು ಎಚ್ಚರ ಮಾತ್ರ ಬೇಕು: ಇದು ಎರಡು ವೈರಿನ ಟೆಂಪರೇಚರ್ ಸೆನ್ಸರಿಗಷ್ಟೇ ಸಲ್ಲುವ ಪರೀಕ್ಷೆ. ಮೂರು ವೈರಿನ ಪ್ರೆಶರ್ ಸೆನ್ಸರಿನ ಕಪ್ಲರಿಗೆ ಕಂಡ ಹಾಗೆ ವೈರು ಹಾಕಿದರೆ 5 ವೋಲ್ಟಿನ ಲೈನೇ ಅರ್ತ್ ಆಗುತ್ತದೆ.

ಆ 5 ವೋಲ್ಟಿನ ಲೈನಿನ ಕಥೆ ಇನ್ನೂ ಸೊಗಸು. ಕಂಪ್ಯೂಟರು ಹಲವು ಸೆನ್ಸರುಗಳಿಗೆ ಒಂದೇ ಲೈನಿನಿಂದ 5 ವೋಲ್ಟ್ ಹಂಚುತ್ತದೆ. ಅವುಗಳಲ್ಲಿ ಒಂದರೊಳಗೆ ಶಾರ್ಟ್ ಆದರೆ ಲೈನು ಕುಸಿದು ಅಷ್ಟೂ ಸೆನ್ಸರುಗಳು ಒಟ್ಟಿಗೆ ಮೂಕವಾಗುತ್ತವೆ. ಸ್ಕ್ಯಾನರಿನಲ್ಲಿ ನಾಲ್ಕಾರು ಕೋಡುಗಳ ಸಂತೆ. ಗೊತ್ತಿಲ್ಲದವರು ನಾಲ್ಕಾರು ಸೆನ್ಸರ್ ಬದಲಿಸುತ್ತಾರೆ. ಗೊತ್ತಿರುವವರು ಆ ಸಂತೆಯ ನಡುವೆ 3509ನ್ನೋ 3510ನ್ನೋ ಹುಡುಕುತ್ತಾರೆ; ಸೆನ್ಸರುಗಳಿಗೆ ಹಂಚುವ ವೋಲ್ಟೇಜಿನ ಸಂಖ್ಯೆಗಳು ಅವು. ಆಮೇಲೆ ಮಲ್ಟಿಮೀಟರನ್ನು ಆ ಲೈನಿಗೆ ಹಿಡಿದುಕೊಂಡು ಒಂದೊಂದೇ ಕಪ್ಲರ್ ಎಳೆಯುತ್ತಾರೆ. ಒಂದು ತೆಗೆದರು, ಮೀಟರ್ ಏಳಲಿಲ್ಲ. ಇನ್ನೊಂದು, ಇಲ್ಲ. ಮತ್ತೊಂದು ತೆಗೆದ ಕೂಡಲೇ ಮೀಟರ್ ಚಂಗನೆ 5ಕ್ಕೆ ಏರುತ್ತದೆ. ಕಳ್ಳ ಸಿಕ್ಕಿದ.

ಅರಬೈಲು ಘಟ್ಟದ ಲಾರಿಯ ಪ್ರಸಂಗ ಹೇಳದಿದ್ದರೆ ತಪ್ಪಾದೀತು. ಅಂಕೋಲಾದಿಂದ ಲೋಡು ಹೊತ್ತು ಯಲ್ಲಾಪುರದ ಕಡೆ ಏರುವಾಗ ಮಾತ್ರ ಹಳದಿ ದೀಪ. ಸಮತಟ್ಟಿನಲ್ಲಿ ಏನೂ ಇಲ್ಲ. "ಘಾಟಿನ್ಯಾಗ ಎಳೆಯೂದ ಇಲ್ರೀ ಮಿಸ್ತ್ರಿ, ಬರೇ ಕರೀ ಹೊಗಿ" ಎಂದು ಚಾಲಕನ ಗೋಳು. ಗ್ಯಾರೇಜಿಗೆ ಬರುವ ಹೊತ್ತಿಗೆ ದೀಪ ಆರಿತ್ತು. ಆದರೆ ದೋಷ ಕಂಡ ಕ್ಷಣದಲ್ಲೇ ಕಂಪ್ಯೂಟರು ಮಹಜರು ಬರೆದಿಟ್ಟುಕೊಂಡಿರುತ್ತದೆ: ಆಗ ಎಂಜಿನ್ ವೇಗ ಎಷ್ಟಿತ್ತು, ಲೋಡು ಎಷ್ಟು, ಕೂಲೆಂಟು ಎಷ್ಟು ಬಿಸಿ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ತೆರೆದರೆ 102ರ ಪಕ್ಕ 18, ಅಂದರೆ ಟರ್ಬೊ ಒತ್ತಡ ಇರಬೇಕಾದ್ದಕ್ಕಿಂತ ಕಡಿಮೆ. ಎಂಜಿನ್ ಲೋಡು ಪೂರ್ತಿ. ಸೆನ್ಸರು ಸತ್ಯವನ್ನೇ ಹೇಳಿತ್ತು. ಇಂಟರ್‌ಕೂಲರಿನ ಹೋಸ್ ಪೈಪಿನ ಅಡಿಭಾಗದಲ್ಲಿ ಒಂದು ಸೀಳು. ಖಾಲಿ ಓಡುವಾಗ ಮುಚ್ಚಿಕೊಂಡಿರುತ್ತದೆ, ಏರಿನಲ್ಲಿ ಟರ್ಬೊ ಗಾಳಿ ತುಂಬಿದಾಗ ಬಾಯಿ ತೆರೆಯುತ್ತದೆ. ಹೊಸ ಬೂಸ್ಟ್ ಸೆನ್ಸರ್ ಹಾಕಿದ್ದರೂ ಅದು ಅದನ್ನೇ ಹೇಳುತ್ತಿತ್ತು.

ಈ ಮಹಜರನ್ನು ಓದುವ ಮೊದಲೇ 'ಕೋಡ್ ಡಿಲೀಟ್ ಮಾಡಿಕೊಡಿ' ಎನ್ನುವವರೇ ಹೆಚ್ಚು. ಡಿಲೀಟ್ ಆದರೆ ಸಾಕ್ಷಿಯೂ ಹೋಯಿತು.

ಮಾತಾಡುವ ವೈರುಗಳೇ ಕೆಟ್ಟರೆ? ಅದಕ್ಕೊಂದು ಪರೀಕ್ಷೆ ಇದೆ, ಎಷ್ಟು ಸರಳವೆಂದರೆ ನಗು ಬರುತ್ತದೆ. ಆ ಎರಡು ವೈರುಗಳ ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಕೂತಿರುತ್ತದೆ, ಸಂದೇಶ ತುದಿಗೆ ಬಡಿದು ಮರಳಿ ಬರದ ಹಾಗೆ. ಬ್ಯಾಟರಿ ಸಂಪರ್ಕ ತೆಗೆದು, ದುಂಡನೆಯ ಒಂಬತ್ತು ಪಿನ್ನಿನ ಸಾಕೆಟ್ ಇರುವ ಗಾಡಿಯಾದರೆ ಅದರ ಸಿ ಮತ್ತು ಡಿ ಪಿನ್ನುಗಳ ನಡುವೆ ಮೀಟರ್ ಹಿಡಿಯಿರಿ. 60 ಓಮ್ ತೋರಿಸಿದರೆ ಎರಡೂ ತುದಿ ಸರಿಯಿವೆ. 120 ಬಂದರೆ ಒಂದು ತುದಿ ಕಳಚಿದೆ ಅಥವಾ ನಡುವೆ ವೈರು ತುಂಡಾಗಿದೆ. 40 ಬಂದರೆ ಯಾರೋ ಪುಣ್ಯಾತ್ಮರು ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆ ಬಂದರೆ ಎರಡು ವೈರು ಒಂದನ್ನೊಂದು ಮುಟ್ಟಿವೆ. ಇಡೀ ಲಾರಿಯ ನರಮಂಡಲದ ಆರೋಗ್ಯ ಒಂದೇ ಅಳತೆಯಲ್ಲಿ!

ಬಂದು ಹೋಗುವ ದೋಷಗಳ ಕಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಪ್ಲರಿನೊಳಗೆ ನೀರಿಳಿದು ಹಿಡಿದ ಹಸಿರು ಕಿಲುಬು, ಇಲಿ ಕಡಿದ ವೈರು, ಸಡಿಲಾದ ಬ್ಯಾಟರಿ ಟರ್ಮಿನಲ್, ತುಕ್ಕು ಹಿಡಿದ ಬಾಡಿ ಅರ್ತ್. ಹಲವು ಕೋಡು ಒಟ್ಟಿಗೆ ಬಂದರೆ ಮೊದಲು ಟರ್ಮಿನಲ್ಲನ್ನೂ ಅರ್ತನ್ನೂ ನೋಡಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ವೈರಿಗೆ ಸೂಜಿ ಚುಚ್ಚಿ ಟೆಸ್ಟ್ ಲ್ಯಾಂಪ್ ಹಿಡಿಯುವ ಹಳೆಯ ಅಭ್ಯಾಸ ಇಲ್ಲಿ ಬೇಡ. ಚುಚ್ಚಿದ ತೂತಿನಿಂದ ಇಳಿದ ನೀರು ತಾಮ್ರವನ್ನು ಒಳಗೊಳಗೇ ತಿನ್ನುತ್ತದೆ.

ನನ್ನನ್ನು ಪೂರ್ತಿ ಮರುಳು ಮಾಡಿದ್ದು ಸೈಲೆನ್ಸರ್ ಕಡೆಯ ಸಂಗತಿ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಬಂದ ಮೇಲೆ ಲಾರಿಗಳ ಹೊಗೆ ಸೈಲೆನ್ಸರ್ ದಾಟುವ ಮುನ್ನ ಒಂದು ರಾಸಾಯನಿಕ ಕಾರ್ಖಾನೆಯನ್ನೇ ಹಾದುಹೋಗುತ್ತದೆ. ಚಾಲಕರು ಯೂರಿಯಾ ಎಂದು ಕರೆಯುವ ಡೆಫ್ ದ್ರವ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಅದನ್ನು ಬಿಸಿ ಹೊಗೆಗೆ ಚಿಮ್ಮಿಸಿದರೆ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಅಮೋನಿಯ ವಿಷಕಾರಿ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ, ನೈಟ್ರೋಜನ್ ಮತ್ತು ನೀರಾವಿಯಾಗಿ ಹೊರಗೆ ಹೋಗುತ್ತದೆ. ಮೊದಲಿಗೆ ಒಂದು, ಕೊನೆಗೆ ಒಂದು, ಈ ಆಕ್ಸೈಡುಗಳನ್ನು ಅಳೆಯುವ ನಾಕ್ಸ್ ಸೆನ್ಸರ್: ಎಷ್ಟು ಬಂತು, ಎಷ್ಟು ಉಳಿಯಿತು. ಲೆಕ್ಕ ತಾಳೆಯಾಗದಿದ್ದರೆ 4364, ಪಕ್ಕದಲ್ಲಿ 18. ಕೆಲವು ಸ್ಕ್ಯಾನರುಗಳಲ್ಲಿ ಇದೇ ದೂರು ಪಿ20ಇಇ ಎಂಬ ವೇಷದಲ್ಲಿ ಬರುತ್ತದೆ.

ಆ ಸೆನ್ಸರಿನ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಕೆಲಸ ಮಾಡುವಾಗ ಅದನ್ನು ಸುಮಾರು 800 ಡಿಗ್ರಿಗೆ ಕಾಯಿಸುತ್ತಾರೆ. ಅಷ್ಟು ಕಾದದ್ದರ ಮೇಲೆ ಒಂದು ಹನಿ ನೀರು ಬಿದ್ದರೂ ಬಿರುಕು; ಆದ್ದರಿಂದ ಪೈಪಿನ ತೇವ ಆರುವವರೆಗೆ ಕಂಪ್ಯೂಟರು ಅದನ್ನು ಪೂರ್ತಿ ಕಾಯಿಸದೆ ತಾಳ್ಮೆಯಿಂದ ಕಾಯುತ್ತದೆ. ಇಷ್ಟು ಸೂಕ್ಷ್ಮವಾದ ಈ ಸೆನ್ಸರಿಗೆ ಒಂದು ದೌರ್ಬಲ್ಯ ಉಂಟು. ಅಮೋನಿಯಕ್ಕೂ ನೈಟ್ರೋಜನ್ ಆಕ್ಸೈಡಿಗೂ ಅದು ವ್ಯತ್ಯಾಸ ತಿಳಿಯದು! ಯೂರಿಯಾ ಕಡಿಮೆ ಬಿದ್ದರೆ ವಿಷಾನಿಲ ಉಳಿಯುತ್ತದೆ, ಸೆನ್ಸರ್ 'ಹೆಚ್ಚಾಗಿದೆ' ಎನ್ನುತ್ತದೆ. ಯೂರಿಯಾ ಅತಿಯಾಗಿ ಬಿದ್ದರೆ ಅಮೋನಿಯ ಉಳಿಯುತ್ತದೆ, ಆಗಲೂ ಸೆನ್ಸರ್ 'ಹೆಚ್ಚಾಗಿದೆ' ಎನ್ನುತ್ತದೆ. ಒಂದೇ ಕೋಡು, ತದ್ವಿರುದ್ಧ ಕಾರಣಗಳು. ಟ್ಯಾಂಕಿಗೆ ಅಗ್ಗದ ಕಲಬೆರಕೆ ದ್ರವ ಬಿದ್ದಿರಬಹುದು, ಚಿಮ್ಮಿಸುವ ನಾಜಲ್ಲಿನ ಬಾಯಲ್ಲಿ ಬಿಳಿ ಹರಳು ಕಟ್ಟಿರಬಹುದು, ಪೈಪಿನ ಜೋಡಣೆಯಲ್ಲಿ ಹೊಗೆ ಸೋರುತ್ತಿರಬಹುದು, ಸೆನ್ಸರೇ ಮುದಿಯಾಗಿರಬಹುದು. ಇಲ್ಲಿ ಕೋಡಿನ ಮಾತು ಕೇಳಿ ನೇರವಾಗಿ ದುಬಾರಿ ನಾಕ್ಸ್ ಸೆನ್ಸರ್ ಬದಲಿಸುವುದು ಜೂಜು. ಟ್ಯಾಂಕಿನ ದ್ರವದ ಎರಡು ಹನಿಯನ್ನು, ಯೂರಿಯಾ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಹಾಕಿ ನೋಡುವುದು ಪರೀಕ್ಷೆ.

ನಿರ್ಲಕ್ಷಿಸಿ ಓಡಿಸಿದರೆ? ಎಂಜಿನ್ನೇ ದಂಡ ಹಾಕುತ್ತದೆ. ಯುರೋಪಿನ ಯುರೋ-6 ನಿಯಮದಲ್ಲಿ ಮೊದಲ ಹಂತಕ್ಕೆ ಟಾರ್ಕ್ ನೂರಕ್ಕೆ 25ರಷ್ಟು ಕಡಿತ. ಆಗಲೂ ಸರಿಪಡಿಸದಿದ್ದರೆ ಗಾಡಿ ಗಂಟೆಗೆ 20 ಕಿಲೋಮೀಟರ್ ದಾಟುವುದಿಲ್ಲ. ನಮ್ಮ ಬಿಎಸ್-6 ಅದೇ ಜಾಡಿನದು. 'ಗಾಡಿ ಎಳೀತಿಲ್ಲ' ಎಂದು ಟರ್ಬೊ ಬಿಚ್ಚಿಸುವವರು ಮೊದಲು ಯೂರಿಯಾ ಟ್ಯಾಂಕಿನ ಮುಚ್ಚಳ ತೆಗೆಯುವುದು ಲೇಸು.

ಇದನ್ನು ಓದುತ್ತಿರುವವರಲ್ಲಿ ಲಾರಿ ಮಾಲೀಕರು, ಚಾಲಕರು ಇದ್ದರೆ ಒಂದು ವಿನಂತಿ. ಕೆಂಪು ದೀಪ ಹೊತ್ತಿದರೆ ಗಾಡಿ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ, ಉಳಿದ ಮಾತು ಆಮೇಲೆ. ಹಳದಿ ದೀಪವಾದರೆ ಗಾಬರಿ ಬೇಡ. ಯಾವ ಹೊತ್ತು, ಏರೋ ಇಳಿಜಾರೋ, ಲೋಡು ಎಷ್ಟು ಎಂದು ಗುರುತು ಹಾಕಿಕೊಳ್ಳಿ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಸಿಕ್ಕಿಸಿದ ಕೂಡಲೇ ಎರಡೂ ಸಂಖ್ಯೆ ಕಾಣುವ ಹಾಗೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ಯಾರಿಗೂ ಕೋಡು ಅಳಿಸಲು ಬಿಡಬೇಡಿ. ಸೆನ್ಸರ್ ಬದಲಿಸಬೇಕೆಂದು ಯಾರಾದರೂ ಚೀಟಿ ಬರೆದುಕೊಟ್ಟರೆ ದುಡ್ಡು ತೆಗೆಯುವ ಮುಂಚೆ ಒಂದು ಮಾತು ಕೇಳಿ: "ಕಪ್ಲರ್ ತೆಗೆದು ನೋಡಿದಿರಾ?"